ತೀವ್ರ ಕೋವಿಡ್ ಸೋಂಕಿನಲ್ಲಿ ಅಂಗಾಂಗಗಳ ಹಾನಿ: ಬೆಂಗಳೂರಿನ ಒಂದು ಶವಪರೀಕ್ಷೆಯ ಹಿನ್ನೆಲೆಯಲ್ಲಿ

1. ಪೀಠಿಕೆ

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ನಿಧನರಾದರು. ಎರಡು ದಿನಗಳ ತರುವಾಯ ಬಂದ ಪರೀಕ್ಷಾ ವರದಿಯು ಅದನ್ನು ಭಾರತದಲ್ಲಿ ಕೋವಿಡ್-19ರಿಂದ ಸಂಭವಿಸಿದ ಮೊದಲ ಮರಣವೆಂದು ಖಚಿತಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ಆರೋಗ್ಯ ತುರ್ತುಸ್ಥಿತಿ ಮುಗಿಯಿತೆಂದು ಸಾರುವ ವೇಳೆಗೆ, ಕರ್ನಾಟಕದ ಅಧಿಕೃತ ಲೆಕ್ಕದಲ್ಲಿಯೇ ಮೃತರ ಸಂಖ್ಯೆ 40 ಸಾವಿರವನ್ನು ಮೀರಿತ್ತು.

ಈ ಅಂಕಿಯ ಹಿಂದೆ ಇರುವ ಅನುಭವವನ್ನು ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಚೆನ್ನಾಗಿ ಬಲ್ಲವು. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಮಹಾಲಕ್ಷ್ಮಿ ಲೇಔಟ್, ರಾಜಾಜಿನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಪಲ್ಸ್ ಆಕ್ಸಿಮೀಟರ್ ಎಂಬ ಪುಟ್ಟ ಉಪಕರಣವು ಜ್ವರಮಾಪಕದಷ್ಟೇ ಪರಿಚಿತವಾಯಿತು; ‘ಸ್ಯಾಚುರೇಷನ್ ಎಷ್ಟಿದೆ?’ ಎಂಬುದು ನೆರೆಹೊರೆಯ ಕುಶಲಪ್ರಶ್ನೆಯಾಯಿತು. ಸುಮನಹಳ್ಳಿಯ ವಿದ್ಯುತ್ ಚಿತಾಗಾರದ ಮುಂದೆ ಆಂಬ್ಯುಲೆನ್ಸ್‌ಗಳು ಸರದಿಗಾಗಿ ಕಾದು ನಿಂತವು. ಆ ದಿನಗಳಲ್ಲಿ ಬಂಧುಗಳನ್ನು ಕಳೆದುಕೊಂಡವರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಉಳಿದುಕೊಂಡವು. ಬೆಳಿಗ್ಗೆ ಚೆನ್ನಾಗಿ ಮಾತನಾಡುತ್ತಿದ್ದವರು ಸಂಜೆಯೊಳಗೆ ಹೇಗೆ ಹೋದರು? ರೋಗ ಶ್ವಾಸಕೋಶದ್ದಾದರೆ ಮೂತ್ರಪಿಂಡವೇಕೆ ನಿಂತಿತು? ವೈರಾಣು ಇಲ್ಲವೆಂಬ ವರದಿ ಬಂದ ಮೇಲೂ ರೋಗಿ ಏಕೆ ಉಳಿಯಲಿಲ್ಲ?

ಈ ಪ್ರಶ್ನೆಗಳಿಗೆ ವೈದ್ಯಶಾಸ್ತ್ರವು ಕಂಡುಕೊಂಡ ಉತ್ತರವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಂಕ್ಷೇಪವಾಗಿ ಹೇಳುವುದಾದರೆ, ತೀವ್ರ ಕೋವಿಡ್‌ನಲ್ಲಿ ವೈರಾಣು ಕಿಡಿಯನ್ನು ಹೊತ್ತಿಸುತ್ತದೆ. ಮನೆಯನ್ನು ಸುಡುವುದು ಬಹುಮಟ್ಟಿಗೆ ಶರೀರದ್ದೇ ಪ್ರತಿಕ್ರಿಯೆ. ಆ ಬೆಂಕಿ ಹರಡುವ ಮಾರ್ಗ ರಕ್ತನಾಳಗಳದು. ಈ ತಿಳಿವಳಿಕೆಯ ಮುಖ್ಯ ಭಾಗವೊಂದು ಶವಪರೀಕ್ಷೆಯ ಮೇಜಿನಿಂದ ಬಂದದ್ದೆಂಬುದು ಗಮನಾರ್ಹ.

2. ಬೆಂಗಳೂರಿನ ಶವಪರೀಕ್ಷೆ

ಸಾಂಕ್ರಾಮಿಕದ ಆರಂಭದಲ್ಲಿ ಕೋವಿಡ್ ಮೃತರ ದೇಹಗಳನ್ನು ತೆರೆಯುವುದನ್ನು ಸರ್ಕಾರದ ಮಾರ್ಗಸೂಚಿಗಳು ಪ್ರೋತ್ಸಾಹಿಸಲಿಲ್ಲ. 2020ರ ಮೇ ತಿಂಗಳಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು, ಕೋವಿಡ್ ಮರಣಗಳ ನ್ಯಾಯವೈದ್ಯಕೀಯ ಪರೀಕ್ಷೆಯಲ್ಲಿ ಶವವನ್ನು ಕೊಯ್ಯುವ ವಿಧಾನವನ್ನು ಅನುಸರಿಸಬಾರದೆಂದು ಸಲಹೆ ನೀಡಿತು. ಶವಾಗಾರದ ಸಿಬ್ಬಂದಿಗೆ ಸೋಂಕು ತಗಲುವ ಭಯವೇ ಇದಕ್ಕೆ ಕಾರಣ. ಆ ವರ್ಷದ ಆಗಸ್ಟ್‌ನಲ್ಲಿ ಭೋಪಾಲದ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ಸಂಶೋಧನೆಯ ಉದ್ದೇಶದಿಂದ ಶವಪರೀಕ್ಷೆಗಳನ್ನು ಕೈಗೊಂಡಿತು.

ಕರ್ನಾಟಕದಲ್ಲಿ ಈ ಕಾರ್ಯವನ್ನು ಮೊದಲು ಮಾಡಿದವರು ಬೆಂಗಳೂರಿನ ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜಿನ ನ್ಯಾಯವೈದ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ದಿನೇಶ್ ರಾವ್. 2020ರ ಅಕ್ಟೋಬರ್‌ನಲ್ಲಿ ಅವರು 62 ವರ್ಷದ ಪುರುಷರೊಬ್ಬರ ಶವವನ್ನು ಪರೀಕ್ಷಿಸಿ ತಮಗೆ ಕಂಡದ್ದನ್ನು ಬಹಿರಂಗಪಡಿಸಿದರು. ಸ್ಪಂಜಿನಂತೆ ಮೆದುವಾಗಿರಬೇಕಾದ ಶ್ವಾಸಕೋಶಗಳು ಚರ್ಮದ ಚೆಂಡಿನಂತೆ ಗಟ್ಟಿಯಾಗಿದ್ದವು. ಸಾಮಾನ್ಯವಾಗಿ 600ರಿಂದ 700 ಗ್ರಾಂ ತೂಗುವುದೆಂದು ಅವರು ಹೇಳಿದ ಆ ಅಂಗ ಇಲ್ಲಿ 2 ಕಿಲೋಗ್ರಾಂಗೂ ಅಧಿಕವಾಗಿ ತೂಗಿತು. ವಾಯುಕೋಶಗಳು ಒಡೆದಿದ್ದವು, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಈ ಪರೀಕ್ಷೆಯ ಇನ್ನೊಂದು ಅಂಶವು ನಮ್ಮ ಚರ್ಚೆಗೆ ಮುಖ್ಯವಾದುದು. ಮರಣಾನಂತರ ಸುಮಾರು 18 ಗಂಟೆಗಳ ಮೇಲೆ ತೆಗೆದ ಮಾದರಿಗಳ ಪೈಕಿ ಮೂಗು ಹಾಗೂ ಗಂಟಲಿನವು ವೈರಾಣುವನ್ನು ತೋರಿಸಿದವು. ಮುಖ ಮತ್ತು ಕುತ್ತಿಗೆಯ ಚರ್ಮ, ಶ್ವಾಸನಾಳ, ಶ್ವಾಸಕೋಶ ಇವುಗಳ ಮೇಲ್ಮೈಯಿಂದ ತೆಗೆದ ಮಾದರಿಗಳಲ್ಲಿ ಅದು ಪತ್ತೆಯಾಗಲಿಲ್ಲ. ಒಂದೇ ಶವದ ಪರೀಕ್ಷೆಯಿಂದ ಸಾರ್ವತ್ರಿಕ ತೀರ್ಮಾನಕ್ಕೆ ಬರುವುದು ಶಾಸ್ತ್ರಸಮ್ಮತವಲ್ಲ. ಮೇಲ್ಮೈಯನ್ನು ಒರೆಸಿ ತೆಗೆದ ಮಾದರಿಯು ಅಂಗಾಂಶದ ಆಳದಲ್ಲಿರುವುದನ್ನು ಹೇಳಲಾರದು. ಆದರೂ ಅತಿ ಹೆಚ್ಚು ನಾಶವಾದ ಅಂಗದಲ್ಲಿಯೇ ವೈರಾಣು ಸುಲಭವಾಗಿ ಕೈಗೆ ಸಿಗದಿರುವುದು ವಿಚಾರಯೋಗ್ಯ. ವಿವಿಧ ದೇಶಗಳ ಶವಪರೀಕ್ಷೆಗಳಲ್ಲಿಯೂ ಅಂಗಾಂಶದಲ್ಲಿ ಉಳಿದ ವೈರಾಣುವಿನ ಪ್ರಮಾಣಕ್ಕೂ ಹಾನಿಯ ಪ್ರಮಾಣಕ್ಕೂ ಹೊಂದಿಕೆಯಾಗದ ಸಂಗತಿ ಮರಳಿ ಮರಳಿ ಕಂಡುಬಂದಿತು. ಹಾಗಾದರೆ ಶ್ವಾಸಕೋಶವನ್ನು ಕಲ್ಲಾಗಿಸಿದ್ದು ಯಾವುದು? ಇದನ್ನು ಅರಿಯಲು ಆರೋಗ್ಯವಂತ ಶ್ವಾಸಕೋಶದ ರಚನೆಯನ್ನು ಮೊದಲು ನೋಡಬೇಕು.

3. ವಾಯುಕೋಶದ ಸೂಕ್ಷ್ಮರಚನೆ

ಮನುಷ್ಯನ ಶ್ವಾಸಕೋಶಗಳಲ್ಲಿ 30ರಿಂದ 50 ಕೋಟಿ ವಾಯುಕೋಶಗಳಿವೆ. ಅವುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ವಿಸ್ತಾರವಾಗುತ್ತದೆ. ಪ್ರತಿಯೊಂದು ವಾಯುಕೋಶವನ್ನೂ ಕೂದಲಿಗಿಂತ ಅತಿ ಸಪೂರವಾದ ಲೋಮನಾಳಗಳ ಜಾಲ ಸುತ್ತುವರಿದಿದೆ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆಯ ದಪ್ಪ ಬಹುತೇಕ ಕಡೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಆಮ್ಲಜನಕವು ಈ ತೆಳುಗೋಡೆಯ ಮೂಲಕ ರಕ್ತಕ್ಕೆ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ವಾಯುಕೋಶದ ಒಳಗೋಡೆಯಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಮೊದಲ ಬಗೆಯವು ಹಪ್ಪಳದಂತೆ ಚಪ್ಪಟೆಯಾಗಿದ್ದು ಅನಿಲ ವಿನಿಮಯಕ್ಕೆ ಎಡೆಮಾಡಿಕೊಡುತ್ತವೆ. ಎರಡನೆಯ ಬಗೆಯವು ಗುಂಡಗಿದ್ದು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ದ್ರವವನ್ನು ಸ್ರವಿಸುತ್ತವೆ. ನೀರಿನ ಮೇಲ್ಮೈ ಎಳೆತದಿಂದ ಪುಟ್ಟ ಗುಳ್ಳೆಯೊಂದು ಕುಸಿದುಬೀಳುವಂತೆ ವಾಯುಕೋಶವೂ ಕುಸಿಯದಿರುವುದು ಈ ದ್ರವದಿಂದಲೇ. ಮೊದಲ ಬಗೆಯ ಕೋಶಗಳು ಸತ್ತಾಗ ಅವುಗಳ ಸ್ಥಾನವನ್ನು ತುಂಬುವ ಹೊಸ ಕೋಶಗಳು ಹುಟ್ಟುವುದೂ ಎರಡನೆಯ ಬಗೆಯವುಗಳಿಂದಲೇ. ಅಂದರೆ ಗೋಡೆಯನ್ನು ಕಾಯುವವರೂ ಅದನ್ನು ದುರಸ್ತಿ ಮಾಡುವವರೂ ಒಬ್ಬರೇ.

4. ವೈರಾಣುವಿನ ಪ್ರವೇಶ

ಸಾರ್ಸ್-ಕೋವ್-2 ವೈರಾಣುವಿನ ಹೊರಮೈಯ ಮುಳ್ಳಿನಂಥ ಪ್ರೋಟೀನು ಜೀವಕೋಶದ ಮೇಲಿನ ಎಸಿಇ-2 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಆ ಬಳಿಕ ಕೋಶದ ಮೇಲಿರುವ ಟಿಎಂಪಿಆರ್‌ಎಸ್ಎಸ್-2 ಎಂಬ ಕಿಣ್ವವು ಮುಳ್ಳನ್ನು ಕತ್ತರಿಸಿ, ವೈರಾಣುವಿನ ಹೊದಿಕೆಯು ಕೋಶದ ಪೊರೆಯೊಡನೆ ಬೆರೆಯಲು ದಾರಿಮಾಡಿಕೊಡುತ್ತದೆ. ಮೂಗಿನ ಒಳಪದರದಲ್ಲಿ ಈ ಗ್ರಾಹಕಗಳು ಸಾಕಷ್ಟಿರುವುದರಿಂದ ಸೋಂಕು ಸಾಮಾನ್ಯವಾಗಿ ಅಲ್ಲಿಯೇ ನೆಲೆಯೂರುತ್ತದೆ. ಬಹುಪಾಲು ಜನರಲ್ಲಿ ರೋಗವು ಅಲ್ಲಿಯೇ ಮುಗಿದುಹೋಗುತ್ತದೆ.

ಕೆಲವರಲ್ಲಿ ಮಾತ್ರ ವೈರಾಣು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಅದು ಪ್ರವೇಶಿಸುವುದು ಪ್ರಧಾನವಾಗಿ ಎರಡನೆಯ ಬಗೆಯ ಕೋಶಗಳನ್ನು. ಅವು ಸತ್ತಾಗ ಸರ್ಫ್ಯಾಕ್ಟೆಂಟ್ ಕ್ಷೀಣಿಸಿ ವಾಯುಕೋಶಗಳು ಕುಸಿಯತೊಡಗುತ್ತವೆ. ಗೋಡೆಯ ದುರಸ್ತಿಯೂ ನಿಲ್ಲುತ್ತದೆ. ಎಸಿಇ-2ಕ್ಕೆ ಶರೀರದಲ್ಲಿ ತನ್ನದೇ ಆದ ಕೆಲಸವೂ ಇದೆ. ರಕ್ತನಾಳಗಳನ್ನು ಸಂಕುಚಿಸಿ ಉರಿಯೂತವನ್ನು ಹೆಚ್ಚಿಸುವ ಆಂಜಿಯೋಟೆನ್ಸಿನ್-2 ಎಂಬ ವಸ್ತುವನ್ನು ಅದು ನಿರುಪದ್ರವಿಯಾಗಿ ಮಾರ್ಪಡಿಸುತ್ತದೆ. ವೈರಾಣುವಿನೊಡನೆ ಈ ಗ್ರಾಹಕವೂ ಕೋಶದೊಳಕ್ಕೆ ಎಳೆಯಲ್ಪಡುವುದರಿಂದ ಆ ಸಮತೋಲ ಕೆಡುವ ಸಂಭವವಿದೆ. ಆದರೆ ಇಲ್ಲಿಯವರೆಗಿನ ಹಾನಿಯಷ್ಟರಿಂದಲೇ ಶ್ವಾಸಕೋಶವು ಚರ್ಮದ ಚೆಂಡಾಗುವುದಿಲ್ಲ.

5. ರಕ್ಷಣಾ ವ್ಯವಸ್ಥೆಯ ತಡ ಮತ್ತು ಅತಿರೇಕ

ವೈರಾಣು ಪ್ರವೇಶಿಸಿದ ಕೋಶವು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ವಸ್ತುವನ್ನು ಹೊರಸೂಸಿ ನೆರೆಯ ಕೋಶಗಳನ್ನು ಸಿದ್ಧಗೊಳಿಸಬೇಕು. ತೀವ್ರ ಕೋವಿಡ್‌ಗೆ ಒಳಗಾದ ಹಲವರಲ್ಲಿ ಈ ಮೊದಲ ಕೂಗು ದುರ್ಬಲವಾಗಿದ್ದಿತು ಅಥವಾ ತಡವಾಗಿದ್ದಿತು. 2020ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಪ್ರಾಣಾಂತಿಕ ನ್ಯುಮೋನಿಯಾಕ್ಕೆ ತುತ್ತಾದ 987 ರೋಗಿಗಳ ಪೈಕಿ 101 ಮಂದಿಯ ರಕ್ತದಲ್ಲಿ ಅವರದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳು ಪತ್ತೆಯಾದವು. ಕಾವಲುಗಾರನ ಬಾಯನ್ನು ಮನೆಯವರೇ ಕಟ್ಟಿದಂತಹ ಸ್ಥಿತಿ ಇದು.

ಮೊದಲ ಎಚ್ಚರಿಕೆ ವಿಫಲವಾದಾಗ ವೈರಾಣು ನಿರಾತಂಕವಾಗಿ ವೃದ್ಧಿಸುತ್ತದೆ. ತಡವಾಗಿ ಎಚ್ಚೆತ್ತ ರಕ್ಷಣಾ ವ್ಯವಸ್ಥೆಯು ಆಗ ಅಳತೆ ಮೀರಿ ಪ್ರತಿಕ್ರಿಯಿಸುತ್ತದೆ. ಮಹಾಭಕ್ಷಕ ಕೋಶಗಳೂ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳೂ ಶ್ವಾಸಕೋಶಕ್ಕೆ ಧಾವಿಸಿ, ಇಂಟರ್‌ಲ್ಯೂಕಿನ್-6 ಮೊದಲಾದ ಸೈಟೊಕೈನ್‌ಗಳನ್ನು ಧಾರಾಳವಾಗಿ ಬಿಡುಗಡೆ ಮಾಡುತ್ತವೆ. ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್‌ಎ ಎಳೆಗಳನ್ನೇ ಬಲೆಯಂತೆ ಹೊರಚೆಲ್ಲುತ್ತವೆ. ಶತ್ರುವನ್ನು ಹಿಡಿಯಲು ಒಡ್ಡಿದ ಈ ಬಲೆಯಲ್ಲಿ ಪ್ಲೇಟ್‌ಲೆಟ್‌ಗಳೂ ಸಿಕ್ಕಿಬಿದ್ದು ರಕ್ತ ಹೆಪ್ಪುಗಟ್ಟಲು ಆಸರೆಯಾಗುತ್ತದೆ.

ರೋಗದ ಕಾಲಕ್ರಮವು ಇದರಿಂದ ಸ್ಪಷ್ಟವಾಗುತ್ತದೆ. ಮೊದಲ ವಾರ ವೈರಾಣುವಿನದು. ಜ್ವರ, ಕೆಮ್ಮು, ಮೈಕೈ ನೋವು ಆಗಿನ ಲಕ್ಷಣಗಳು. ಎರಡನೆಯ ವಾರದಲ್ಲಿ ವೈರಾಣು ಇಳಿಮುಖವಾಗುತ್ತಿರುವಾಗಲೇ ಪ್ರತಿಕ್ರಿಯೆಯು ಏರುಮುಖವಾಗುತ್ತದೆ. ಬಹಳಷ್ಟು ರೋಗಿಗಳ ಸ್ಥಿತಿ ಏಳನೆಯ ದಿನದಿಂದ ಹತ್ತನೆಯ ದಿನದೊಳಗೆ ಏಕಾಏಕಿ ಬಿಗಡಾಯಿಸಿದ್ದು ಇದೇ ಕಾರಣದಿಂದ.

6. ವಾಯುಕೋಶಗಳ ನಾಶದ ಹಂತಗಳು

ಸೂಕ್ಷ್ಮದರ್ಶಕದಡಿ ಕಂಡ ಹಾನಿಯನ್ನು ರೋಗಶಾಸ್ತ್ರಜ್ಞರು ವ್ಯಾಪಕ ವಾಯುಕೋಶ ಹಾನಿ ಎಂದು ಕರೆಯುತ್ತಾರೆ. 2003ರ ಸಾರ್ಸ್ ರೋಗದಲ್ಲಿಯೂ ಇದೇ ಬಗೆಯ ಹಾನಿ ಕಂಡುಬಂದಿತ್ತು. ಇದರ ಮೊದಲ ಹಂತದಲ್ಲಿ ಲೋಮನಾಳಗಳ ಗೋಡೆ ಸಡಿಲಗೊಂಡು ಪ್ರೋಟೀನ್‌ಭರಿತ ದ್ರವವು ವಾಯುಕೋಶಗಳಿಗೆ ಸೋರುತ್ತದೆ. ಸತ್ತ ಕೋಶಗಳ ಚೂರು ಮತ್ತು ಫೈಬ್ರಿನ್ ಸೇರಿ ವಾಯುಕೋಶದ ಒಳಗೋಡೆಗೆ ಗಾಜಿನಂಥ ಪೊರೆಯೊಂದು ಮೆತ್ತಿಕೊಳ್ಳುತ್ತದೆ. ಸಿ.ಟಿ. ಚಿತ್ರದಲ್ಲಿ ಮಂಜುಗಾಜಿನಂತೆ ಕಾಣುವ ಮಬ್ಬು ಈ ಹಂತದ ಕುರುಹು. ಗಾಳಿ ಇರಬೇಕಾದಲ್ಲಿ ದ್ರವ ತುಂಬಿದಾಗ ಶ್ವಾಸಕೋಶದ ತೂಕ ಮೂರು ಪಟ್ಟಾಗುವುದು ಆಶ್ಚರ್ಯವಲ್ಲ.

ಎರಡನೆಯ ಹಂತದಲ್ಲಿ ದುರಸ್ತಿಯ ಯತ್ನ ಆರಂಭವಾಗಿ ಕೋಶಗಳು ಅವ್ಯವಸ್ಥಿತವಾಗಿ ವೃದ್ಧಿಸುತ್ತವೆ. ಮೂರನೆಯದು ನಾರುಗಟ್ಟುವ ಹಂತ. ಗಾಯ ಮಾಗುವಾಗ ಚರ್ಮದ ಮೇಲೆ ಕಲೆ ಉಳಿಯುವಂತೆ ವಾಯುಕೋಶಗಳ ನಡುವೆ ಕೊಲಾಜೆನ್ ನಾರು ಸಂಚಯಗೊಂಡು ಹಿಗ್ಗುವ ಗುಣವನ್ನು ಕಸಿದುಕೊಳ್ಳುತ್ತದೆ. ದ್ರವ, ಪೊರೆ, ಹೆಪ್ಪುಗಟ್ಟಿದ ರಕ್ತ, ನಾರು ಇವೆಲ್ಲದರ ಸಂಗಮವೇ ಬೆಂಗಳೂರಿನ ಮೇಜಿನ ಮೇಲೆ ಕಂಡಂಥ ಗಟ್ಟಿ ಶ್ವಾಸಕೋಶ.

ಹಾಗಿದ್ದರೂ ರೋಗಿಗೆ ಏದುಸಿರು ಏಕೆ ಕಾಣಿಸಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಉಸಿರುಗಟ್ಟಿದ ಅನುಭವವನ್ನು ಪ್ರಧಾನವಾಗಿ ಪ್ರೇರಿಸುವುದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸಂಗ್ರಹವಾಗುವುದು. ಈ ಅನಿಲವು ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸುಲಭವಾಗಿ ಅಂಗಾಂಶಗಳನ್ನು ದಾಟಬಲ್ಲದು. ಆದ್ದರಿಂದ ಆರಂಭದಲ್ಲಿ ಅದು ಹೊರಹೋಗುತ್ತಲೇ ಇರುತ್ತದೆ, ಆಮ್ಲಜನಕ ಮಾತ್ರ ಸದ್ದಿಲ್ಲದೆ ಕುಸಿಯುತ್ತದೆ. ಶ್ವಾಸಕೋಶ ಇನ್ನೂ ಹಿಗ್ಗುತ್ತಿರುವುದರಿಂದ ಉಸಿರಾಟಕ್ಕೆ ಶ್ರಮವೂ ಅನ್ನಿಸುವುದಿಲ್ಲ. ಇದರ ಮೇಲೆ ಹಿಮೋಗ್ಲೋಬಿನ್ನಿನ ಸ್ವಭಾವವೊಂದಿದೆ: ಪರ್ಯಾಪ್ತತೆ ಶೇಕಡ 90ರ ಮೇಲಿರುವಾಗ ನಿಧಾನವಾಗಿ ಇಳಿಯುವ ಅಂಕಿಯು ಅದರ ಕೆಳಗೆ ಕಡಿದಾಗಿ ಜಾರುತ್ತದೆ. ಬೆಳಿಗ್ಗೆ ಮಾತನಾಡಿದವರು ಸಂಜೆಗೆ ಇಲ್ಲವಾದದ್ದು ಈ ಜಾರಿನಲ್ಲಿ. 94ಕ್ಕಿಂತ ಕಡಿಮೆಯಾದರೆ ಆಸ್ಪತ್ರೆಗೆ ಬರಬೇಕೆಂಬ ಸೂಚನೆಯ ಹಿಂದಿದ್ದ ವಿವೇಕ, ಆ ಅಂಚನ್ನು ತಲಪುವ ಮೊದಲೇ ರೋಗಿಯನ್ನು ಹಿಡಿಯಬೇಕೆಂಬುದು.

7. ರಕ್ತನಾಳಗಳ ಒಳಪದರ: ಹಾನಿಯ ಹೆದ್ದಾರಿ

ಶರೀರದ ಎಲ್ಲ ರಕ್ತನಾಳಗಳ ಒಳಮೈಗೂ ಒಂದೇ ಕೋಶದಷ್ಟು ದಪ್ಪದ ಅಸ್ತರಿಯಿದೆ. ರಕ್ತವು ನಾಳದೊಳಗೆ ದ್ರವವಾಗಿಯೇ ಹರಿಯುವುದು ಈ ಒಳಪದರದ ನುಣುಪಿನಿಂದ ಹಾಗೂ ಅದು ಸ್ರವಿಸುವ ವಸ್ತುಗಳಿಂದ. ಒಳಪದರದ ಗಾಯ, ಹರಿವಿನ ನಿಧಾನ, ರಕ್ತದ ಗುಣದಲ್ಲಿ ಬದಲಾವಣೆ ಈ ಮೂರು ಹೆಪ್ಪುಗಟ್ಟುವಿಕೆಯ ಕಾರಣಗಳೆಂಬುದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಚೋವನ ಹೆಸರಿನೊಡನೆ ಸೇರಿಹೋಗಿರುವ ಸೂತ್ರ. ತೀವ್ರ ಕೋವಿಡ್‌ನಲ್ಲಿ ಮೂರೂ ಏಕಕಾಲಕ್ಕೆ ಒದಗುತ್ತವೆ. ಸೈಟೊಕೈನ್‌ಗಳು ಒಳಪದರವನ್ನು ಗಾಯಗೊಳಿಸುತ್ತವೆ. ಹಾಸಿಗೆ ಹಿಡಿದ ರೋಗಿಯ ಕಾಲಿನ ನಾಳಗಳಲ್ಲಿ ಹರಿವು ಮಂದವಾಗುತ್ತದೆ. ಉರಿಯೂತದಿಂದ ಯಕೃತ್ತು ಫೈಬ್ರಿನೋಜೆನ್ನನ್ನು ಹೆಚ್ಚಾಗಿ ತಯಾರಿಸಿ ರಕ್ತವನ್ನು ಮಂದಗೊಳಿಸುತ್ತದೆ.

2020ರ ಮೇ ತಿಂಗಳಿನಲ್ಲಿ ಪ್ರಕಟವಾದ ಒಂದು ಅಧ್ಯಯನವು ಕೋವಿಡ್‌ನಿಂದ ಮೃತರಾದ ಏಳು ಮಂದಿಯ ಶ್ವಾಸಕೋಶಗಳನ್ನು ಇನ್‌ಫ್ಲೂಯೆಂಜಾದಿಂದ ಮೃತರಾದ ಏಳು ಮಂದಿಯವುಗಳೊಡನೆ ಹೋಲಿಸಿತು. ವಾಯುಕೋಶಗಳ ಹಾನಿ ಎರಡರಲ್ಲಿಯೂ ಇದ್ದಿತು. ಲೋಮನಾಳಗಳಲ್ಲಿನ ಸೂಕ್ಷ್ಮ ಕರಣೆಗಳು ಮಾತ್ರ ಕೋವಿಡ್‌ನಲ್ಲಿ ಒಂಬತ್ತು ಪಟ್ಟು ಅಧಿಕವಾಗಿದ್ದವು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಆಡಳಿತವು ಕೋವಿಡ್ ಮೃತರ ಶವಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದರಿಂದ ಇನ್ನೊಂದು ಸತ್ಯ ಹೊರಬಿದ್ದಿತು. ಅಲ್ಲಿ ಪರೀಕ್ಷಿಸಿದ ಮೊದಲ 12 ಶವಗಳ ಪೈಕಿ 7ರಲ್ಲಿ ಆಳವಾದ ರಕ್ತನಾಳಗಳು ಹೆಪ್ಪುಗಟ್ಟಿದ್ದವು. 4 ಮಂದಿಯ ಮರಣಕ್ಕೆ ಆ ಕರಣೆ ಶ್ವಾಸಕೋಶದ ಧಮನಿಗೆ ಹೋಗಿ ಸಿಲುಕಿದ್ದೇ ನೇರ ಕಾರಣವಾಗಿದ್ದಿತು. ರೋಗಿ ಬದುಕಿದ್ದಾಗ ಕಾಲಿನ ಈ ಹೆಪ್ಪನ್ನು ಯಾರೂ ಶಂಕಿಸಿರಲಿಲ್ಲ.

ಶ್ವಾಸಕೋಶದ ಕಾಯಿಲೆಯೊಂದು ಇಡೀ ದೇಹದ ಕಾಯಿಲೆಯಾಗುವ ರಹಸ್ಯ ಇಲ್ಲಿದೆ. ವೈರಾಣು ಎಲ್ಲ ಅಂಗಗಳನ್ನೂ ತಲಪಬೇಕಾಗಿಲ್ಲ. ಗಾಯಗೊಂಡ ಒಳಪದರ, ಸೈಟೊಕೈನ್ ತುಂಬಿದ ರಕ್ತ ಮತ್ತು ಆಮ್ಲಜನಕದ ಕೊರತೆ ಇವು ಎಲ್ಲ ಅಂಗಗಳನ್ನೂ ತಲಪುತ್ತವೆ.

8. ಇತರ ಅಂಗಗಳು

ಹೃದಯ: ತೀವ್ರ ರೋಗಿಗಳ ರಕ್ತದಲ್ಲಿ ಹೃದಯಸ್ನಾಯುವಿನ ಗಾಯವನ್ನು ಸೂಚಿಸುವ ಟ್ರೋಪೊನಿನ್ ಏರುವುದು ಸಾಮಾನ್ಯವಾಗಿ ಕಂಡುಬಂದಿತು. ವೈರಾಣುವೇ ಹೃದಯಸ್ನಾಯುವಿನಲ್ಲಿ ಉಂಟುಮಾಡುವ ಉರಿಯೂತವು ಆರಂಭದಲ್ಲಿ ಭಾವಿಸಿದಷ್ಟು ಬಳಕೆಯದ್ದಲ್ಲವೆಂದು ಶವಪರೀಕ್ಷೆಗಳು ತೋರಿಸಿದವು. ಸೂಕ್ಷ್ಮನಾಳಗಳ ಕರಣೆ, ಆಮ್ಲಜನಕದ ಕೊರತೆ, ಗಟ್ಟಿಯಾದ ಶ್ವಾಸಕೋಶದ ಮೂಲಕ ರಕ್ತವನ್ನು ತಳ್ಳಬೇಕಾದ ಬಲಹೃತ್ಕುಕ್ಷಿಯ ದಣಿವು ಇವೇ ಹೆಚ್ಚಿನ ಕಾರಣಗಳು. ಮೊದಲೇ ಹೃದ್ರೋಗ, ಮಧುಮೇಹ, ಅಧಿಕ ರಕ್ತದೊತ್ತಡ ಇದ್ದವರ ರಕ್ತನಾಳಗಳ ಒಳಪದರ ಈಗಾಗಲೇ ಸವೆದಿರುವುದರಿಂದ ಅವರಿಗೆ ಅಪಾಯ ಹೆಚ್ಚಾಯಿತು.

ಮೂತ್ರಪಿಂಡ: ಹೃದಯವು ಹೊರದೂಡುವ ರಕ್ತದ ಸುಮಾರು ಐದನೆಯ ಒಂದು ಭಾಗ ಮೂತ್ರಪಿಂಡಗಳಿಗೆ ಹರಿಯುತ್ತದೆ. ಸೋಸುವ ಕಾರ್ಯಕ್ಕಾಗಿ ಲೋಮನಾಳಗಳ ಗೊಂಚಲುಗಳೇ ಅಲ್ಲಿವೆ. ರಕ್ತದೊತ್ತಡ ಕುಸಿದಾಗ, ಆಮ್ಲಜನಕ ತಗ್ಗಿದಾಗ, ರಕ್ತದಲ್ಲಿ ಉರಿಯೂತದ ವಸ್ತುಗಳು ತುಂಬಿದಾಗ ಮೊದಲು ಸಾಯುವುದು ಮೂತ್ರನಾಳಿಕೆಗಳ ಒಳಗೋಡೆಯ ಶ್ರಮಜೀವಿ ಕೋಶಗಳು. ಅವುಗಳ ಮೇಲೆ ಎಸಿಇ-2 ಗ್ರಾಹಕಗಳೂ ಹೇರಳವಾಗಿವೆ. ವೈರಾಣು ನೇರವಾಗಿ ಎಷ್ಟು ಹಾನಿ ಮಾಡುತ್ತದೆಂಬ ಬಗ್ಗೆ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ನಾಳಿಕೆಗಳ ತೀವ್ರ ಗಾಯವೇ ಮುಖ್ಯ ಶೋಧವೆಂಬುದರಲ್ಲಿ ಸಹಮತವಿದೆ. ಕೃತಕ ಉಸಿರಾಟದ ಯಂತ್ರಕ್ಕೆ ಒಳಗಾದವರಿಗೆ ಡಯಾಲಿಸಿಸ್ ಕೂಡ ಬೇಕಾದದ್ದು ಇದರಿಂದ.

ಕರುಳು ಮತ್ತು ಯಕೃತ್ತು: ಸಣ್ಣಕರುಳಿನ ಒಳಪದರದಲ್ಲಿ ಎಸಿಇ-2 ಅಧಿಕವಾಗಿರುವುದರಿಂದ ಭೇದಿ, ವಾಕರಿಕೆಗಳು ಕೆಲವರಲ್ಲಿ ಕಾಣಿಸಿಕೊಂಡವು. ಯಕೃತ್ತಿನ ಕಿಣ್ವಗಳ ಏರಿಕೆಯು ಬಹುಪಾಲು ಸೌಮ್ಯವಾಗಿದ್ದು ತಾನಾಗಿಯೇ ಇಳಿಯಿತು.

ಮಿದುಳು: ವಾಸನೆ ತಿಳಿಯದಾಗುವುದು ಈ ರೋಗದ ಪ್ರಸಿದ್ಧ ಲಕ್ಷಣ. ವಾಸನೆಯ ನರಕೋಶಗಳೇ ನಾಶವಾದವೆಂಬ ಭೀತಿ ಮೊದಲಿಗೆ ಇದ್ದಿತು. ಆದರೆ ಎಸಿಇ-2 ಇರುವುದು ಅವುಗಳ ಸುತ್ತಲಿನ ಆಸರೆಯ ಕೋಶಗಳಲ್ಲಿ ಎಂದು 2020ರ ಅಧ್ಯಯನಗಳು ತೋರಿಸಿದವು. ಆಸರೆಯ ಕೋಶಗಳು ಮರಳಿ ಹುಟ್ಟುವುದರಿಂದಲೇ ಹೆಚ್ಚಿನವರಿಗೆ ವಾಸನೆ ಹಿಂತಿರುಗಿತು. ತೀವ್ರ ರೋಗಿಗಳಲ್ಲಿ ಕಂಡ ಗೊಂದಲ, ಪ್ರಲಾಪ, ಪಾರ್ಶ್ವವಾಯುಗಳ ಹಿಂದೆ ಇದ್ದದ್ದು ಬಹುತೇಕ ಆಮ್ಲಜನಕದ ಕೊರತೆ ಮತ್ತು ನಾಳಗಳ ಹಾನಿ.

9. ಕರ್ನಾಟಕದಲ್ಲಿ ಕಪ್ಪು ಶಿಲೀಂಧ್ರ

2021ರ ಮೇ ತಿಂಗಳಿನಲ್ಲಿ ಎರಡನೆಯ ಅಲೆಯ ಬೆನ್ನಿಗೇ ಮ್ಯೂಕರ್‌ಮೈಕೋಸಿಸ್ ಎಂಬ ಶಿಲೀಂಧ್ರದ ಸೋಂಕು ರಾಜ್ಯದಲ್ಲಿ ಹರಡಿತು. ಸರ್ಕಾರವು ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯನ್ನು ಅದರ ಚಿಕಿತ್ಸೆಗೆ ನಿಗದಿಗೊಳಿಸಿತು. ಈ ಶಿಲೀಂಧ್ರದ ಬೀಜಕಣಗಳು ಮಣ್ಣಿನಲ್ಲಿ, ಗಾಳಿಯಲ್ಲಿ ಸದಾ ಇರುವಂಥವು. ಆರೋಗ್ಯವಂತರನ್ನು ಅವು ಬಾಧಿಸುವುದು ವಿರಳ. ಹತೋಟಿ ತಪ್ಪಿದ ಮಧುಮೇಹ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸ್ಟೀರಾಯ್ಡ್‌ಗಳ ಅತಿಬಳಕೆ, ಕೋವಿಡ್‌ನಿಂದ ಗಾಯಗೊಂಡ ಒಳಪದರ ಈ ಮೂರೂ ಕೂಡಿದಾಗ ಅದಕ್ಕೆ ಅವಕಾಶ ದೊರೆಯಿತು. ಅದು ರಕ್ತನಾಳಗಳನ್ನೇ ಹೊಕ್ಕು ಮುಚ್ಚುವುದರಿಂದ ಮೂಗು, ದವಡೆ, ಕಣ್ಣುಗೂಡುಗಳ ಅಂಗಾಂಶ ಸತ್ತು ಕಪ್ಪಾಗುತ್ತದೆ. ಪ್ರಾಣ ಉಳಿಸಲು ಕಣ್ಣನ್ನೇ ತೆಗೆಯಬೇಕಾದ ಪ್ರಸಂಗಗಳು ಒದಗಿದವು. ರಕ್ತನಾಳದ ಆರೋಗ್ಯ ಎಷ್ಟು ಮುಖ್ಯವೆಂಬುದಕ್ಕೆ ಇದು ಇನ್ನೊಂದು ನಿದರ್ಶನ.

10. ಅರಿವಿನಿಂದ ಚಿಕಿತ್ಸೆಗೆ

ಹಾನಿಯ ಬಹುಭಾಗ ಪ್ರತಿಕ್ರಿಯೆಯಿಂದ ಆದುದೆಂಬ ವಾದಕ್ಕೆ ಪ್ರಬಲ ಆಧಾರ ದೊರೆತದ್ದು ಚಿಕಿತ್ಸೆಯಲ್ಲಿ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಹೊರಬಂದಿತು. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನಗಳವರೆಗೆ ಕೊಟ್ಟಾಗ ಕೃತಕ ಉಸಿರಾಟದಲ್ಲಿದ್ದವರ ಮರಣ ಸುಮಾರು ಮೂರನೆಯ ಒಂದರಷ್ಟು ತಗ್ಗಿತು. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ ಸುಮಾರು ಐದನೆಯ ಒಂದರಷ್ಟು ತಗ್ಗಿತು. ಆಮ್ಲಜನಕವೇ ಬೇಡವಾಗಿದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಈ ಔಷಧಿ ವೈರಾಣುವನ್ನು ಕೊಲ್ಲುವುದಿಲ್ಲ, ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ ಅಷ್ಟೆ. ಒಂದೇ ಔಷಧಿ ಎರಡನೆಯ ವಾರದಲ್ಲಿ ಪ್ರಾಣರಕ್ಷಕವಾಗಿ, ಮೊದಲ ವಾರದಲ್ಲಿ ನಿಷ್ಪ್ರಯೋಜಕವಾಗುವುದು ರೋಗದ ಎರಡು ಹಂತಗಳನ್ನು ಸಾಕ್ಷೀಕರಿಸುತ್ತದೆ. ಇಂಟರ್‌ಲ್ಯೂಕಿನ್-6ನ್ನು ತಡೆಯುವ ಟೊಸಿಲಿಜುಮಾಬ್ ಕೂಡ ಆಯ್ದ ತೀವ್ರ ರೋಗಿಗಳಿಗೆ ನೆರವಾಯಿತು.

ಹೆಪ್ಪುಗಟ್ಟುವಿಕೆಯ ಶೋಧದಿಂದ ಹೆಪಾರಿನ್ ಬಳಕೆಗೆ ಬಂದಿತು. ಪೂರ್ಣ ಪ್ರಮಾಣದ ಹೆಪಾರಿನ್ ಆಸ್ಪತ್ರೆ ಸೇರಿದ ಮಧ್ಯಮ ಸ್ಥಿತಿಯವರಿಗೆ ಒಳಿತು ಮಾಡಿತಾದರೂ ತೀರ ಚಿಂತಾಜನಕ ಸ್ಥಿತಿಯವರಿಗೆ ನೆರವಾಗಲಿಲ್ಲವೆಂದು 2021ರಲ್ಲಿ ಪ್ರಕಟವಾದ ಪ್ರಯೋಗಗಳು ತಿಳಿಸಿದವು. ಗಟ್ಟಿಯಾದ ಕರಣೆಯನ್ನು ಕರಗಿಸುವುದಕ್ಕಿಂತ ಅದು ಕಟ್ಟದಂತೆ ನೋಡಿಕೊಳ್ಳುವುದೇ ಸಾಧ್ಯವಾದ ಮಾರ್ಗ. ರೋಗಿಯನ್ನು ಬೋರಲಾಗಿ ಮಲಗಿಸುವ ಸರಳ ಕ್ರಮವೂ ಶರೀರರಚನೆಯ ಅರಿವಿನಿಂದ ಬಂದದ್ದು. ಬೆನ್ನಿನ ಕಡೆಯ ವಾಯುಕೋಶಗಳು ಹೃದಯ, ಹೊಟ್ಟೆಗಳ ಭಾರದಿಂದ ಮುಕ್ತವಾಗಿ ತೆರೆದುಕೊಳ್ಳುತ್ತವೆ.

ವೈರಾಣುವಿನ ರೂಪಾಂತರವೂ ಇದೇ ತತ್ತ್ವವನ್ನು ಸಮರ್ಥಿಸಿತು. ಭಾರತದಲ್ಲಿ ಓಮಿಕ್ರಾನ್ ಮೊದಲು ಪತ್ತೆಯಾದದ್ದು 2021ರ ಡಿಸೆಂಬರ್ 2ರಂದು, ಕರ್ನಾಟಕದ ಇಬ್ಬರಲ್ಲಿ. ಅದು ಶ್ವಾಸನಾಳಗಳಲ್ಲಿ ಡೆಲ್ಟಾಗಿಂತ ಬಹಳ ವೇಗವಾಗಿ, ಶ್ವಾಸಕೋಶದ ಅಂಗಾಂಶದಲ್ಲಿ ನಿಧಾನವಾಗಿ ವೃದ್ಧಿಸುತ್ತದೆಂದು ಹಾಂಗ್‌ಕಾಂಗ್‌ನ ಪ್ರಯೋಗಾಲಯ ಅಧ್ಯಯನ ತೋರಿಸಿತು. ಅಷ್ಟರಲ್ಲಿ ಲಸಿಕೆಯಿಂದಲೂ ಹಿಂದಿನ ಸೋಂಕಿನಿಂದಲೂ ಬಹುಜನರ ರಕ್ಷಣಾ ವ್ಯವಸ್ಥೆಗೆ ವೈರಾಣುವಿನ ಪರಿಚಯವಾಗಿದ್ದಿತು. ಎಚ್ಚರಿಕೆಯ ಕೂಗು ತಡವಾಗದಿದ್ದುದರಿಂದ ಅತಿರೇಕದ ಪ್ರತಿಕ್ರಿಯೆಯೂ ವಿರಳವಾಯಿತು.

11. ಉಪಸಂಹಾರ

ಪೀಠಿಕೆಯ ಮೂರು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ಆಮ್ಲಜನಕ ಸದ್ದಿಲ್ಲದೆ ಕುಸಿಯುವುದರಿಂದ ಸಂಕಟ ತಡವಾಗಿ ಕಾಣಿಸಿಕೊಂಡಿತು. ರಕ್ತನಾಳಗಳ ಒಳಪದರ ಎಲ್ಲ ಅಂಗಗಳಿಗೂ ಸಮಾನವಾದುದರಿಂದ ಮೂತ್ರಪಿಂಡವೂ ನಿಂತಿತು. ವೈರಾಣು ಹೊರಟುಹೋದ ಮೇಲೂ ಅದು ಎಬ್ಬಿಸಿದ ಉರಿಯೂತ, ಕಟ್ಟಿದ ಕರಣೆ, ಬಿಗಿದ ನಾರು ಉಳಿದುದರಿಂದ ವರದಿ ಶುಭವಾಗಿದ್ದರೂ ರೋಗಿ ಉಳಿಯಲಿಲ್ಲ. ಬದುಕಿ ಮರಳಿದವರಲ್ಲಿ ಕೆಲವರಿಗೆ ತಿಂಗಳುಗಟ್ಟಲೆ ಆಯಾಸ, ಏದುಸಿರು ಮುಂದುವರಿದದ್ದಕ್ಕೂ ಈ ಶೇಷಗಳು ಒಂದು ಕಾರಣ.

ಈ ಉತ್ತರಗಳಲ್ಲಿ ಹಲವು ಹ್ಯಾಂಬರ್ಗ್‌ನಂತಹ ದೂರದ ನಗರಗಳ ಶವಾಗಾರಗಳಿಂದ ನಮಗೆ ಬಂದವು. 40 ಸಾವಿರಕ್ಕೂ ಅಧಿಕ ಮರಣಗಳನ್ನು ಕಂಡ ರಾಜ್ಯದಲ್ಲಿ ಒಂದೊಂದು ಶವಪರೀಕ್ಷೆಯೂ ಸುದ್ದಿಯಾಗುವಷ್ಟು ಅಪರೂಪವಾಗಿದ್ದಿತು. ಮಧುಮೇಹವೂ ಕ್ಷಯವೂ ವ್ಯಾಪಕವಾಗಿರುವ ನಮ್ಮ ಜನರ ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಈ ರೋಗ ಯಾವ ವಿಶೇಷ ರೂಪ ತಾಳಿತೆಂಬುದನ್ನು ನಮ್ಮ ಅಂಗಾಂಶಗಳೇ ಹೇಳಬೇಕಾಗಿದ್ದಿತು. ಇದಕ್ಕೆ ಬೇಕಾದ ಪರಂಪರೆ ಇಲ್ಲಿ ಇಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಾನವ ಮಿದುಳಿನ ಅಂಗಾಂಶ ಭಂಡಾರವಿದೆ; ಬಂಧುಗಳು ಒಪ್ಪಿ ನೀಡಿದ ದಾನದಿಂದ ಅದು ಬೆಳೆದಿದೆ. ಸುರಕ್ಷಿತ ಶವಾಗಾರಗಳು, ಸೂಜಿಯ ಮೂಲಕವೇ ಅಂಗಾಂಶವನ್ನು ತೆಗೆಯುವ ಮಿತಛೇದನ ವಿಧಾನ, ಬಂಧುಗಳ ದುಃಖವನ್ನು ಗೌರವಿಸಿ ಅನುಮತಿ ಕೋರುವ ಪದ್ಧತಿ ಇವನ್ನು ಪ್ರತಿಯೊಂದು ವೈದ್ಯಕೀಯ ಕಾಲೇಜಿನಲ್ಲಿಯೂ ಈಗಲೇ ರೂಢಿಸಬೇಕಾಗಿದೆ. ಮುಂದಿನ ಸಾಂಕ್ರಾಮಿಕವು ಬಂದಾಗ ಮೊದಲ ಕೆಲವು ಶವಗಳು ತಿಳಿಸುವ ಸತ್ಯವು ಅನಂತರದ ಸಾವಿರಾರು ರೋಗಿಗಳನ್ನು ಉಳಿಸಬಲ್ಲದು.